ಅಷ್ಟು ತಣ್ಣಗಿದ್ದರೂ ಕ್ಯೂಬಿಟ್ ಯಾಕೆ ಕೆಡುತ್ತದೆ?

ಪ್ರಶ್ನೆ: ಮಾಸ್ಟ್ರೇ, ನಾನು ಬಿಎಸ್‌ಸಿ ಕೊನೆಯ ವರ್ಷದಲ್ಲಿದ್ದೇನೆ. ಕ್ವಾಂಟಮ್ ಡಾಟ್ ಕ್ಯೂಬಿಟ್‌ಗಳನ್ನು (ಹರಳಿನ ಅತಿ ಸಣ್ಣ ಜಾಗದಲ್ಲಿ ಹಿಡಿದಿಟ್ಟ ಎಲೆಕ್ಟ್ರಾನ್‌ನಿಂದ ಮಾಡಿದ ಕ್ವಾಂಟಮ್ ಕಂಪ್ಯೂಟರಿನ ಬಿಟ್‌ಗಳನ್ನು) ಸೊನ್ನೆ ಕೆಲ್ವಿನ್ ಹತ್ತಿರಕ್ಕೆ ತಣ್ಣಗೆ ಮಾಡಿ ಇಡುತ್ತಾರಂತೆ. ಹಾಗಾದರೆ ಹರಳಿನ ಕಂಪನ ನಿಂತೇ ಹೋಗಬೇಕಲ್ವಾ? ಮತ್ತೆ ಫೋನಾನ್‌ನಿಂದ ತೊಂದರೆ ಎಲ್ಲಿಂದ ಬಂತು?
– ಓದುಗರು, ಬದಿಯಡ್ಕ

ಉತ್ತರ: ಒಳ್ಳೆ ಪ್ರಶ್ನೆ ಕೇಳಿದ್ದೀರಿ, ನನಗೂ ಓದುವ ಕಾಲದಲ್ಲಿ ಇದೇ ಸಂಶಯ ಇತ್ತು. ತಣ್ಣಗೆ ಮಾಡಿದರೆ ಮೊದಲೇ ಇದ್ದ ಅಲೆಗಳು ಅಡಗುತ್ತವೆ. ಆದರೆ ಹೊಸ ಅಲೆ ಏಳುವುದನ್ನು ಚಳಿ ತಡೆಯುವುದಿಲ್ಲ. ಗಾಳಿಯೇ ಇಲ್ಲದ ಬೆಳಿಗ್ಗೆ ತೋಟದ ಕೆರೆಗೆ ಮೇಲಿನಿಂದ ಒಂದು ಹಣ್ಣಡಿಕೆ ಉದುರಿತು ಅಂದುಕೊಳ್ಳಿ. ನೀರು ಸುಮ್ನೆ ಇತ್ತು, ಬಿದ್ದ ಅಡಿಕೆಯೇ ಅಲೆ ಎಬ್ಬಿಸಿತು. ಕ್ಯೂಬಿಟ್ ಕೂಡ ಮೇಲಿನ ಮಟ್ಟದಿಂದ ಕೆಳಗೆ ಬೀಳುವಾಗ ತನ್ನ ಶಕ್ತಿಯನ್ನು ಹರಳಿಗೆ ಕೊಟ್ಟುಬಿಡುತ್ತದೆ. ಹಾಗೆ ಹುಟ್ಟುವ ಅಲೆಯೇ ಫೋನಾನ್. ಸೊನ್ನೆ ಕೆಲ್ವಿನ್‌ನಲ್ಲೂ ಇದು ತಪ್ಪಿದ್ದಲ್ಲ.

ಇನ್ನು, ಎಲ್ಲ ಅಲೆಯೂ ಒಂದೇ ಥರ ತಾಗುವುದಿಲ್ಲ. ಕುಂಬಳೆ ಕಡಲಿನಲ್ಲಿ ದೋಣಿ ನೋಡಿದ್ದೀರಲ್ಲ, ಉದ್ದದ ತೆರೆ ಬಂದರೆ ಇಡೀ ದೋಣಿ ಮೆಲ್ಲಗೆ ಎದ್ದು ಇಳಿಯುತ್ತದೆ, ಸಣ್ಣ ಸಣ್ಣ ತೆರೆಗಳು ಅದರ ಅಡಿಯಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ, ಆದರೆ ದೋಣಿಯಷ್ಟೇ ಉದ್ದದ ತೆರೆ ಬಂತೋ, ಒಳಗಿದ್ದವರಿಗೆ ಹಿಡಿದುಕೊಳ್ಳದೆ ಗತಿಯಿಲ್ಲ. ಇಲ್ಲಿ ದೋಣಿ ಅಂದರೆ ಡಾಟ್. ಸಿಲಿಕಾನ್‌ನಲ್ಲಿ 1 ಟೆಸ್ಲಾ ಕಾಂತಕ್ಷೇತ್ರ ಕೊಟ್ಟರೆ ಸ್ಪಿನ್‌ನ (ಎಲೆಕ್ಟ್ರಾನ್‌ಗಿರುವ ಪುಟ್ಟ ಅಯಸ್ಕಾಂತದಂಥ ಗುಣ, ಇಲ್ಲಿ ಅದೇ ಕ್ಯೂಬಿಟ್) ಎರಡು ಮಟ್ಟಗಳ ಅಂತರ ಸುಮಾರು 28 ಗಿಗಾಹರ್ಟ್ಸ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 8,400 ಮೀಟರ್. ಈ ವೇಗವನ್ನು ಆ ಗಿಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ 300 ನ್ಯಾನೊಮೀಟರ್ ಬರುತ್ತದೆ. ಡಾಟ್ 50 ನ್ಯಾನೊಮೀಟರ್ ಇದ್ದರೆ ಅದಕ್ಕೆ ಇದು ಉದ್ದದ ತೆರೆ. ಕ್ಷೇತ್ರ ಜಾಸ್ತಿ ಮಾಡಿದ ಹಾಗೆ ಅಲೆ ಗಿಡ್ಡವಾಗುತ್ತದೆ, ಸ್ಪಿನ್ ಬೇಗ ಬೀಳುತ್ತದೆ.

ಸ್ಪಿನ್‌ಗೆ ಇನ್ನೊಂದು ರಕ್ಷಣೆಯೂ ಇದೆ. ಹರಳಿನ ಅಲುಗಾಟ ತಾಗುವುದು ಎಲೆಕ್ಟ್ರಾನ್‌ನ ಚಾರ್ಜಿಗೆ. ಸ್ಪಿನ್‌ಗೆ ಅದು ಮುಟ್ಟುವುದು ಸ್ಪಿನ್ ಅನ್ನು ಎಲೆಕ್ಟ್ರಾನ್‌ನ ಚಲನೆಗೆ ಜೋಡಿಸುವ ಸ್ಪಿನ್-ಆರ್ಬಿಟ್ ಅನ್ನುವ ಕೊಂಡಿಯ ಮೂಲಕ, ಮತ್ತು ಸಿಲಿಕಾನ್‌ನಲ್ಲಿ ಆ ಕೊಂಡಿ ಸಡಿಲ. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಹರಳು ಒತ್ತಿದಾಗ ವಿದ್ಯುತ್ ಕ್ಷೇತ್ರವೂ ಹುಟ್ಟುವುದರಿಂದ ಕಾಟ ಜಾಸ್ತಿ. ಹಾಗಿದ್ದೂ ಅಲ್ಲಿ 1 ಟೆಸ್ಲಾದಲ್ಲಿ ಸ್ಪಿನ್ 1 ಸೆಕೆಂಡಿಗಿಂತ ಹೆಚ್ಚು ಹೊತ್ತು ಬೀಳದೆ ನಿಂತದ್ದನ್ನು ಅಳೆದಿದ್ದಾರೆ. ನನಗಂತೂ ಇದು ಈಗಲೂ ಆಶ್ಚರ್ಯ.

ಹಾಗಂತ ಚಳಿ ಬೇಡ ಅಂತಲ್ಲ. ಬಿಸಿಯಾದರೆ ಎರಡೆರಡು ಫೋನಾನ್ ಸೇರಿ ಸ್ಪಿನ್ ತಿರುಗಿಸುವುದು ಶುರುವಾಗುತ್ತದೆ. 2020ರಲ್ಲಿ ಸಿಡ್ನಿ ಮತ್ತು ಡೆಲ್ಫ್ಟ್‌ನ ತಂಡಗಳು ಸಿಲಿಕಾನ್ ಕ್ಯೂಬಿಟ್‌ಗಳನ್ನು 1 ಕೆಲ್ವಿನ್‌ಗಿಂತ ಸ್ವಲ್ಪ ಮೇಲೆಯೇ ನಡೆಸಿ ತೋರಿಸಿದವು. ತಣ್ಣಗೆ ಮಾಡುವ ಖರ್ಚು ಅಷ್ಟರಿಂದಲೇ ಬಹಳ ಇಳಿಯುತ್ತದೆ.

ನೀವೂ ಒಂದು ಲೆಕ್ಕ ಮಾಡಿ. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ 1 ಟೆಸ್ಲಾಗೆ ಸುಮಾರು 6 ಗಿಗಾಹರ್ಟ್ಸ್, ಶಬ್ದದ ವೇಗ 4,700 ಮೀಟರ್ ಹತ್ತಿರ. ಅಲೆ ಎಷ್ಟು ಉದ್ದ ಬಂತು, ಡಾಟ್‌ಗೆ ಅದು ಯಾವ ಥರದ ತೆರೆ ಅಂತ ನನಗೆ ಬರೆಯಿರಿ.