ಪ್ರಶ್ನೋತ್ತರ: ದೇವರು ಕೊಟ್ಟ ಮಾತು

ಪ್ರಶ್ನೆ: ನಿಮಗೆ ಒಳ್ಳೆಯ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವೆನು ಎಂಬ ಯೆರೆಮೀಯ 29:11ನ್ನು ನನಗೇ ಕೊಟ್ಟ ವಾಗ್ದಾನವೆಂದು ಹಿಡಿದು ಎರಡು ವರ್ಷದಿಂದ ಕೆಲಸಕ್ಕಾಗಿ ಪ್ರಾರ್ಥಿಸುತ್ತಿದ್ದೇನೆ. ಇನ್ನೂ ಸಿಕ್ಕಿಲ್ಲ. ನನ್ನ ನಂಬಿಕೆ ಸಾಲದೋ, ದೇವರೇ ಮರೆತನೋ?

ಉತ್ತರ: ಎರಡೂ ಅಲ್ಲ. ಆ ವಚನಕ್ಕಿಂತ ಒಂದು ವಚನ ಹಿಂದೆ ಹೋಗಿ ಓದಿ. ಅಲ್ಲಿ ಗಡುವು ಇದೆ: ಬಾಬೆಲಿಗೆ (ಬಾಬಿಲೋನಿಗೆ) ಎಪ್ಪತ್ತು ವರ್ಷ ತುಂಬಿದ ಮೇಲೆ. ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದ ಜನರಿಗೆ ಪ್ರವಾದಿ ಬರೆದು ಕಳಿಸಿದ ಪತ್ರ ಇದು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬವನು ದೇವಾಲಯದಲ್ಲಿ ನಿಂತು, ಎರಡೇ ವರ್ಷದಲ್ಲಿ ಎಲ್ಲ ಮೊದಲಿನಂತಾಗುತ್ತದೆ ಎಂದು ಸಾರಿದ್ದ. ಕಿವಿಗೆ ಹಿತವಾದ ಮಾತು. ಆದರೆ ದೇವರು ಆಡಿದ ಮಾತಲ್ಲ. ದೇವರು ಹೇಳಿಸಿದ್ದು ಬೇರೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ಸೆರೆಯಿರುವ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ (29:5-7). ಆ ಪತ್ರ ತಲುಪಿದಾಗ ನಡುವಯಸ್ಸು ದಾಟಿದ್ದವರು ಊರಿಗೆ ಮರಳುವ ದಿನ ಕಾಣುವಂತಿರಲಿಲ್ಲ. ಹಾಗೆಂದು ಮಾತು ಬಿದ್ದುಹೋಗಲಿಲ್ಲ. ಕ್ರಿ.ಪೂ. 539ರಲ್ಲಿ ಬಾಬೆಲ್ ಪಾರಸಿಯ ಅರಸ ಕೋರೆಷನ ಕೈಸೇರಿತು. ಹೋಗಿ ದೇವಾಲಯ ಕಟ್ಟಿಕೊಳ್ಳಿ ಎಂದು ಅಪ್ಪಣೆ ಕೊಟ್ಟವನು ಅವನೇ (ಎಜ್ರ 1).

ಆದ್ದರಿಂದ ಇಂಥ ತಿಂಗಳೊಳಗೆ ಇಂಥ ಕೆಲಸ ಕೊಡುತ್ತೇನೆಂದು ಈ ವಚನ ನಿಮಗೆ ಹೇಳಿಲ್ಲ. ಹೇಳದ ಮಾತು ನೆರವೇರಲಿಲ್ಲವೆಂದು ನೋಯುವವರು ಬಹಳ ಮಂದಿ. ಆ ನೋವು ನಿಜವಾದದ್ದು, ಆದರೆ ಅದರ ಹೊರೆಯನ್ನು ನಿಮ್ಮ ನಂಬಿಕೆಯ ತಲೆಗೆ ಕಟ್ಟಬೇಡಿ.

ವಾಗ್ದಾನದ ವಚನ ಸಿಕ್ಕಾಗಲೆಲ್ಲ ಇಡೀ ಅಧ್ಯಾಯ ಓದಿ. ಯಾರು ಯಾರಿಗೆ ಹೇಳಿದರು ಎಂದು ಗುರುತಿಸಿ. 'ನೀವು ಹೀಗೆ ನಡೆದರೆ' ಎಂಬ ಷರತ್ತು ಇದೆಯೇ ನೋಡಿ. ಧರ್ಮೋಪದೇಶಕಾಂಡ 28ರ ಆಶೀರ್ವಾದಗಳೆಲ್ಲ ಅಂಥ ಷರತ್ತಿನ ಮೇಲೆಯೇ ನಿಂತಿವೆ. ಕೊನೆಗೆ, ಹೊಸ ಒಡಂಬಡಿಕೆ ಆ ಮಾತನ್ನು ಎಲ್ಲಿಗೆ ತಂದು ಮುಟ್ಟಿಸುತ್ತದೆ ಎಂದು ಹುಡುಕಿ. ಇದು ಬಹುಮುಖ್ಯ, ಜನ ಹೆಚ್ಚಾಗಿ ಬಿಡುವುದೂ ಇದನ್ನೇ. 'ನಿನ್ನನ್ನು ಕೈಬಿಡುವುದಿಲ್ಲ' ಎಂಬುದು ಯೆಹೋಶುವನಿಗೆ, ಯುದ್ಧದ ಹೊಸ್ತಿಲಲ್ಲಿ ಬಂದ ಮಾತು (ಯೆಹೋಶುವ 1:5). ಇಬ್ರಿಯರಿಗೆ 13:5 ಅದೇ ಮಾತನ್ನು ಹಣದಾಸೆ ಬಿಟ್ಟು ಇದ್ದುದರಲ್ಲಿ ತೃಪ್ತರಾಗಬೇಕಾದ ವಿಶ್ವಾಸಿಗಳಿಗೆ ಕೊಡುತ್ತದೆ. ಇದನ್ನು ನೀವು ಅಳುಕದೆ ನಿಮ್ಮದೆನ್ನಬಹುದು.

ಕೆಲಸಕ್ಕಾಗಿ ಕೇಳುವುದನ್ನು ನಿಲ್ಲಿಸಬೇಡಿ. ಕೇಳಿರೆಂದೇ ಫಿಲಿಪ್ಪಿಯವರಿಗೆ 4:6 ಹೇಳುತ್ತದೆ. ಅಲ್ಲಿ ಮಾತುಕೊಟ್ಟಿರುವುದು ಮುಂದಿನ ವಚನದಲ್ಲಿ: ದೇವಶಾಂತಿಯು ನಿಮ್ಮ ಹೃದಯವನ್ನು ಕಾಯುತ್ತದೆ.

ಪ್ರಶ್ನೆ: ನಲವತ್ತು ದಿನದಲ್ಲಿ ನಿನೆವೆ ಪಟ್ಟಣ ಕೆಡವಲ್ಪಡುವುದು ಎಂದು ಪ್ರವಾದಿ ಯೋನ ಸಾರಿದ, ಹಾಗಾಗಲಿಲ್ಲ. ಇದು ಮಾತು ತಪ್ಪಿದ ಹಾಗಲ್ಲವೇ?

ಉತ್ತರ: ಯೆರೆಮೀಯ 18:7-10 ಓದಿ. ಕೆಡವುತ್ತೇನೆಂದು ಹೇಳಿದ ಜನಾಂಗ ತಿರುಗಿಕೊಂಡರೆ ಕೇಡನ್ನು ಹಿಂದೆಗೆಯುತ್ತೇನೆ ಎಂದು ದೇವರೇ ನಿಯಮ ತಿಳಿಸಿದ್ದಾನೆ. ಎಚ್ಚರಿಕೆಯ ಉದ್ದೇಶವೇ ಜನ ತಿರುಗಿಕೊಳ್ಳಲಿ ಎಂಬುದು, ನಿನೆವೆಯವರು ತಿರುಗಿಕೊಂಡರು. ಯೋನನಿಗೂ ಇದು ಗೊತ್ತಿತ್ತು, ಅದಕ್ಕೇ ಓಡಿಹೋಗಿದ್ದೆ ಎಂದು ಅವನೇ ಹೇಳುತ್ತಾನೆ (4:2).

ಪ್ರಶ್ನೆ: ನಡೆಯಬೇಕಾದ ಮಾರ್ಗಕ್ಕೆ ತಕ್ಕಂತೆ ಬೆಳೆಸಿದ ಹುಡುಗ ಮುಪ್ಪಿನಲ್ಲೂ ಅದನ್ನು ಬಿಡನು ಎಂಬ ಜ್ಞಾನೋಕ್ತಿ 22:6ರಂತೆ ಮಗನನ್ನು ದೇವರ ಮಾರ್ಗದಲ್ಲಿ ಬೆಳೆಸಿದೆವು. ಈಗ ಅವನು ಎಲ್ಲ ಬಿಟ್ಟಿದ್ದಾನೆ. ನಾವು ಎಲ್ಲಿ ತಪ್ಪಿದೆವು?

ಉತ್ತರ: ಆ ಪುಸ್ತಕ ಗಾದೆಯ ರೀತಿಯದು, ಬಾಳಿನಲ್ಲಿ ಸಾಮಾನ್ಯವಾಗಿ ಹೇಗೆ ನಡೆಯುತ್ತದೆಂದು ಹೇಳುತ್ತದೆ, ಪ್ರತಿ ಮನೆಗೂ ಕರಾರು ಬರೆದುಕೊಡುವುದಿಲ್ಲ. ಯೆಶಾಯ 1:2ರಲ್ಲಿ ದೇವರೇ 'ಮಕ್ಕಳನ್ನು ಸಾಕಿ ಬೆಳೆಸಿದೆನು, ಅವರು ನನಗೆ ತಿರುಗಿಬಿದ್ದರು' ಎನ್ನುತ್ತಾನೆ. ಆತನ ಪೋಷಣೆಯಲ್ಲಿ ಕೊರತೆ ಇತ್ತೆಂದು ಯಾರೂ ಹೇಳಲಾರರು. ಆ ವಚನವನ್ನು ನಿಮ್ಮ ಮೇಲಿನ ತೀರ್ಪಾಗಿ ಓದಬೇಡಿ, ಅದನ್ನೇ ಮುಂದಿಟ್ಟು ಮಗನನ್ನು ಕಟ್ಟಿಹಾಕಲೂ ಬೇಡಿ. ಪ್ರಾರ್ಥಿಸಿ, ಮನೆಯ ಬಾಗಿಲು ತೆರೆದಿಡಿ.

ಪ್ರಶ್ನೆ: ದೇವರಿಗೆ ಕೊಟ್ಟ ಮಾತಿಗೆ ನಾನೇ ಹಲವು ಸಲ ತಪ್ಪಿದ್ದೇನೆ. ಆತನ ವಾಗ್ದಾನ ಇನ್ನೂ ನನಗೆ ಸಲ್ಲುತ್ತದೆಯೇ?

ಉತ್ತರ: ಆದಿಕಾಂಡ 15 ನಿಮಗಾಗಿಯೇ ಬರೆದಂತಿದೆ. ಅಲ್ಲಿ ದೇವರು ಅಬ್ರಾಮನಿಗೆ (ಮುಂದೆ ಅಬ್ರಹಾಮ) ಸಂತತಿಯನ್ನೂ ದೇಶವನ್ನೂ ಕೊಡುತ್ತೇನೆಂದು ಒಡಂಬಡಿಕೆ ಮಾಡುತ್ತಾನೆ. ಮೂರು ವರ್ಷದ ಕಡಸು, ಮೂರು ವರ್ಷದ ಆಡು, ಮೂರು ವರ್ಷದ ಟಗರು, ಜೊತೆಗೆ ಒಂದು ಬೆಳವಕ್ಕಿ, ಒಂದು ಪಾರಿವಾಳದ ಮರಿ. ಹಕ್ಕಿಗಳನ್ನು ಬಿಟ್ಟು ಉಳಿದವನ್ನು ಎರಡೆರಡಾಗಿ ಕಡಿದು ಎದುರುಬದುರಾಗಿ ಇಡಲಾಯಿತು. ಒಡಂಬಡಿಕೆ ಮಾಡುವವರು ಆ ಹೋಳುಗಳ ನಡುವೆ ಹಾದುಹೋಗುತ್ತಿದ್ದರು. ಮಾತು ಮುರಿದರೆ ನನಗೂ ಇದೇ ಗತಿಯಾಗಲಿ ಎಂದು ಅದರರ್ಥ (ಯೆರೆಮೀಯ 34:18ರಲ್ಲಿ ಇದೇ ಪದ್ಧತಿ ಕಾಣುತ್ತದೆ). ಆದರೆ ಅಂದು ಅಬ್ರಾಮ ನಡೆಯಲಿಲ್ಲ. ಅವನಿಗೆ ಗಾಢನಿದ್ರೆ ಹತ್ತಿತ್ತು. ದೇವರ ಸನ್ನಿಧಿಯ ಗುರುತಾದ ಹೊಗೆಯಾಡುವ ಒಲೆ, ಉರಿಯುವ ಪಂಜು ಮಾತ್ರ ನಡುವೆ ಹಾದವು. ಆಣೆಯ ಹೊಣೆಯನ್ನು ದೇವರೊಬ್ಬನೇ ಹೊತ್ತನು.

ಇದಾದ ಮುಂದಿನ ಅಧ್ಯಾಯದಲ್ಲೇ ಅಬ್ರಾಮನೂ ಹೆಂಡತಿಯೂ ಅವಸರಪಟ್ಟು, ದಾಸಿ ಹಾಗರಳಿಂದ ಮಗನನ್ನು ಪಡೆಯುವ ದಾರಿ ಹಿಡಿದರು. ಇಷ್ಮಾಯೇಲ ಹುಟ್ಟಿದಾಗ ಅಬ್ರಾಮನಿಗೆ 86. ಹೆಂಡತಿಯನ್ನು ತಂಗಿಯೆಂದು ಐಗುಪ್ತದಲ್ಲಿ ಹೇಳಿದ್ದವನು, ವಾಗ್ದಾನದ ಮಗ ಇಸಾಕ ಹುಟ್ಟುವ ಮುನ್ನ ಗೆರಾರಿನಲ್ಲಿ ಮತ್ತೆ ಅದನ್ನೇ ಹೇಳಿದ. ಆದರೂ 75ನೆಯ ವಯಸ್ಸಿನಲ್ಲಿ ಮಾತು ಕೇಳಿ ಹೊರಟವನ ಮಡಿಲಿಗೆ 100ನೆಯ ವಯಸ್ಸಿನಲ್ಲಿ ಇಸಾಕ ಬಂದ. ಆ ಎಡವುಗಳ ಫಲ ಮನೆಯಲ್ಲಿ ಉಳಿಯಿತು, ಹಾಗರಳೂ ಮಗುವೂ ಕಣ್ಣೀರು ಸುರಿಸಿದರು; ತಪ್ಪಿನ ಪರಿಣಾಮ ಇಲ್ಲವೆಂದು ಸತ್ಯವೇದ ಎಲ್ಲೂ ಹೇಳುವುದಿಲ್ಲ. ವಾಗ್ದಾನ ಮಾತ್ರ ಮುರಿಯಲಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. 'ನಾವು ಅಪನಂಬಿಗಸ್ತರಾದರೂ ಆತನು ನಂಬಿಗಸ್ತನು' ಎಂಬ 2 ತಿಮೊಥೆಯ 2:13ನ್ನು ಹೇಳುವವರು, 'ನಾವು ಆತನನ್ನು ಅಲ್ಲಗಳೆದರೆ ಆತನೂ ನಮ್ಮನ್ನು ಅಲ್ಲಗಳೆಯುವನು' ಎಂಬ 12ನ್ನು ಬಿಟ್ಟುಬಿಡುತ್ತಾರೆ. ಬೆನ್ನು ತಿರುಗಿಸಿ ಹೋಗುವುದು ಬೇರೆ, ಎಡವಿ ಅಳುವುದು ಬೇರೆ. ಶಿಷ್ಯ ಪೇತ್ರನು ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿದ. ಹೊರಗೆ ಹೋಗಿ ಅತ್ತ. ಯೋಹಾನ 21ರಲ್ಲಿ ಕರ್ತನು ಅವನನ್ನು ಮೂರು ಸಲ 'ನನ್ನನ್ನು ಪ್ರೀತಿಸುತ್ತೀಯೋ' ಎಂದು ಕೇಳಿ ಕುರಿಗಳನ್ನು ಒಪ್ಪಿಸಿದನು. ನೀವು ತಪ್ಪಿದ್ದನ್ನು ಹೆಸರು ಹಿಡಿದು ಒಪ್ಪಿಕೊಳ್ಳಿ. ಪಾಪಗಳನ್ನು ಕ್ಷಮಿಸುವನು ಎಂಬ 1 ಯೋಹಾನ 1:9ರ ಮಾತು ಅರಿಕೆ ಮಾಡುವವರಿಗೆ ಕೊಟ್ಟದ್ದು. ಹೊಸದಾಗಿ ದೊಡ್ಡ ಹರಕೆ ಹೊತ್ತುಕೊಳ್ಳಬೇಡಿ. ಸೋತ ಜಾಗದಲ್ಲೇ ಮತ್ತೆ ಸೋಲದಂತೆ, ನಂಬಿಕಸ್ಥರಾದ ಒಬ್ಬ ವಿಶ್ವಾಸಿಗೆ ವಿಷಯ ತಿಳಿಸಿ, ಜೊತೆಗೆ ಪ್ರಾರ್ಥಿಸಲು ಕೇಳಿಕೊಳ್ಳಿ.