ಎಲುಬಿನ ಡ್ರ್ಯಾಗನ್ ಆಟಿಕೆಯಂತೆ ಕಂಡರೆ

ಕ್ರಿಟಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರೆದ ನಿಮ್ಮ ಸತ್ತೆದ್ದ ಡ್ರ್ಯಾಗನ್ ಪ್ಲಾಸ್ಟಿಕ್ ಆಟಿಕೆಯಂತೆ ಕಾಣುತ್ತದೆ, ಮೂಳೆಗೆ ಯಾವ ಬ್ರಷ್ ಬಳಸಬೇಕು ಎಂದು ಕೇಳಿದ್ದೀರಿ. ಬ್ರಷ್ಷಿನ ತಪ್ಪೇನಿಲ್ಲ, ಮೂಳೆಗೆಲ್ಲ ಅಚ್ಚ ಬಿಳಿ ಬಳಿದಿದ್ದೀರಿ, ಅದೇ ತೊಂದರೆ. ಮಾಸಲು ಹಳದಿಯಿಂದ ಆರಂಭಿಸಿ. ಮೇಲೊಂದು ಮಲ್ಟಿಪ್ಲೈ ಲೇಯರ್ (ಕೆಳಗಿನ ಬಣ್ಣವನ್ನು ಗಾಢಗೊಳಿಸುವ ಪದರ) ಹಾಕಿ ಕೀಲುಗಳ ಸಂದಿಗೆ, ಕಣ್ಣಿನ ಗೂಡಿಗೆ ಕಡುಕಂದು ತುಂಬಿ. ಬಿಳಿಯನ್ನು ಕೊನೆಗೆ, ಬೆಳಕು ನೇರವಾಗಿ ಬೀಳುವ ಎರಡು ಮೂರು ಅಂಚುಗಳಿಗಷ್ಟೇ ಮೀಸಲಿಡಿ.

ರೆಕ್ಕೆಗೆ ಬಾವಲಿಯನ್ನು ನೋಡಿ. ಅದರ ರೆಕ್ಕೆ ನಿಜಕ್ಕೂ ಒಂದು ಕೈ: ಹೆಬ್ಬೆರಳು ಕೊಕ್ಕೆಯಂತೆ ಹೊರಗುಳಿದರೆ, ಮಿಕ್ಕ 4 ಬೆರಳುಗಳು ಕೊಡೆಯ ಕಡ್ಡಿಗಳ ಹಾಗೆ ಪೊರೆಯನ್ನು ಹಿಡಿಯುತ್ತವೆ. ಹರಿದ ಪೊರೆ ಎಂದರೆ ಅಲ್ಲಲ್ಲಿ ದುಂಡು ತೂತು ಕೊರೆಯುವುದಲ್ಲ. ಸೀಳು ಹಿಂಬದಿಯ ಅಂಚಿನಲ್ಲಿ ಶುರುವಾಗಿ ಬೆರಳೆಲುಬಿನ ಪಕ್ಕದಲ್ಲೇ ಮೇಲಕ್ಕೆ ಓಡಲಿ, ಚಿಂದಿಗಳು ಜೋತುಬೀಳಲಿ. ನಿಮ್ಮದಕ್ಕೆ ನಾಲ್ಕು ಕಾಲೂ ಎರಡು ರೆಕ್ಕೆಯೂ ಇರುವುದರಿಂದ ಭುಜದೆಲುಬುಗಳು ಎರಡು ಜೊತೆ ಬೇಕು. ಮೈತುಂಬ ಮಾಂಸವಿದ್ದರೆ ಇದನ್ನು ಮರೆಮಾಚಬಹುದಿತ್ತು, ಎಲುಬುಗೂಡಿನಲ್ಲಿ ಆಗದು.

ಕಣ್ಣಿನ ಹಸಿರು ಬೆಂಕಿ ಚೆನ್ನಾಗಿದೆ (ಎಲ್ಲರೂ ಹಸಿರನ್ನೇ ಏಕೆ ಹಚ್ಚುತ್ತಾರೋ!). ಆದರೆ ಅದರ ಬೆಳಕು ಗೂಡಿನ ಒಳಗೋಡೆಗೂ ಕೆನ್ನೆಮೂಳೆಗೂ ತಾಗಬೇಕು. ಈಗ ಅಂಟಿಸಿದ ಬಲ್ಬಿನಂತಿದೆ.