ಲಿಂಬೆಹಣ್ಣು ಹಂಚುವ ಲೆಕ್ಕಕ್ಕೆ ಶಾರ್ಟ್‌ಕಟ್ ಇದೆಯಾ? ನನಗೆ ಏಳೂವರೆ ಬರುತ್ತಿದೆ

ಅಣ್ಣನ ಹತ್ತಿರ ತಮ್ಮನ ಮೂರು ಪಟ್ಟು ಲಿಂಬೆ, ಅಣ್ಣ ತಮ್ಮನಿಗೆ 15 ಕೊಟ್ಟರೆ ಇಬ್ಬರದೂ ಸಮ. ಮೊದಲು ಯಾರ ಹತ್ತಿರ ಎಷ್ಟಿತ್ತು? ಇದೇ ಲೆಕ್ಕ ತಾನೇ. ನಿಮಗೆ ಏಳೂವರೆ ಬಂತಲ್ಲ, ಪುಣ್ಯವಂತರು. ಅರ್ಧ ಹಣ್ಣು ನೋಡಿದ ಕೂಡಲೇ ಏನೋ ಎಡವಟ್ಟಾಗಿದೆ ಅಂತ ಗೊತ್ತಾಯಿತು. ನನಗೆ ಇಡೀ ಸಂಖ್ಯೆಯೇ ಬಂದಿತ್ತು, ಅದಕ್ಕೇ ಕೆಟ್ಟೆ.

ನಾನು ಇಂಡಿ ಕಡೆಯವನು. ಲಿಂಬೆ ಎಣಿಸುತ್ತಲೇ ಬೆಳೆದವನು. ಡಿಗ್ರಿ ಮುಗಿಸಿ ವಿಜಯಪುರದಲ್ಲಿ ರೂಮ್ ಮಾಡಿಕೊಂಡು ಒಂದು ಸರ್ಕಾರಿ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದೆ. ಪೇಪರ್‌ನಲ್ಲಿ ಇದೇ ಲೆಕ್ಕ ಬಂತು, 15ರ ಬದಲು 20. ತಮ್ಮನದು ಎಕ್ಸ್, ಅಣ್ಣನದು 3 ಎಕ್ಸ್. ಅಣ್ಣ 20 ಕೊಟ್ಟ. 3 ಎಕ್ಸ್ − 20 = ಎಕ್ಸ್. ಉತ್ತರ 10. ಆಪ್ಷನ್‌ನಲ್ಲಿ 10 ಇತ್ತು! ತಾಳೆ ಕೂಡ ನೋಡಿದೆ: ಅಣ್ಣನ 30ರಲ್ಲಿ 20 ಹೋದರೆ 10, ತಮ್ಮನದೂ 10. ಸರಿಯಾಯ್ತಲ್ಲ ಅಂತ ವೃತ್ತ ತುಂಬಿ ಮುಂದೆ ಹೋದೆ.

ಅಣ್ಣನ ಬುಟ್ಟಿಯಿಂದ 20 ತೆಗೆದೆ, ತಮ್ಮನ ಬುಟ್ಟಿಗೆ ಹಾಕಲೇ ಇಲ್ಲ. ಆ 20 ಹಣ್ಣು ಎಲ್ಲಿ ಹೋದವು? ಮೊದಲು ಇಬ್ಬರದೂ ಸೇರಿ 40 ಇತ್ತು, ಕೊಟ್ಟ ಮೇಲೆ 20. ಹಂಚಿದರೆ ಹಣ್ಣು ಕಡಿಮೆ ಆಗುತ್ತಾ? ಒಬ್ಬನದು 20 ಇಳಿದರೆ ಇನ್ನೊಬ್ಬನದು 20 ಏರಬೇಕು. ಅಂದರೆ ಅಂತರ ಕುಗ್ಗುವುದು 40. ಸರಿ ಉತ್ತರ ತಮ್ಮನಿಗೆ 20, ಅಣ್ಣನಿಗೆ 60. ನೆಗೆಟಿವ್ ಮಾರ್ಕಿಂಗ್ ಬೇರೆ ಇತ್ತು. ಒಂದೇ ಅಂಕದಲ್ಲಿ ಪಟ್ಟಿಯಿಂದ ಹೊರಗೆ ಉಳಿದೆ. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಶಾರ್ಟ್‌ಕಟ್ ಕೇಳಿದ್ದೀರಿ. ಸುಮ್ನೆ ಬಿಟ್ಟುಬಿಡಿ. ಬಾಯಿಪಾಠ ಮಾಡಿದ ಸೂತ್ರ, 'ಸಮ' ಇದ್ದ ಜಾಗದಲ್ಲಿ 'ಎರಡು ಪಟ್ಟು' ಬಂದ ದಿನ ಕೈಕೊಡುತ್ತದೆ. ಕೊಟ್ಟು ಮುಗಿದ ಮೇಲೆ ಇರುವುದಕ್ಕೆ ಎಕ್ಸ್ ಅನ್ನಿ. ನಿಮ್ಮ ಲೆಕ್ಕದಲ್ಲಿ ಕೊನೆಗೆ ಇಬ್ಬರದೂ ಎಕ್ಸ್. ಹಾಗಾದರೆ ಮೊದಲು ಅಣ್ಣನದು ಎಕ್ಸ್ + 15, ತಮ್ಮನದು ಎಕ್ಸ್ − 15. ಎರಡೂ ಬುಟ್ಟಿ ತಾನಾಗಿಯೇ ಬದಲಾದವು, ಮರೆಯಲು ಜಾಗವೇ ಇಲ್ಲ. ಎಕ್ಸ್ + 15 = 3(ಎಕ್ಸ್ − 15). ಎಕ್ಸ್ 30. ಅಣ್ಣನದು 45, ತಮ್ಮನದು 15.

ಇದು ನನ್ನ ಬುದ್ಧಿಯಲ್ಲ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು 'ಬೀಜಗಣಿತ' ಎಂಬ ಪುಸ್ತಕದಲ್ಲಿ ಮಾಡಿದ್ದು. (ಅವರು ನಮ್ಮ ವಿಜಯಪುರದವರು ಅಂತ ನಾವು, ಅಲ್ಲ ಅಂತ ಮಹಾರಾಷ್ಟ್ರದವರು. ಆ ಜಗಳ ಇಲ್ಲಿ ಬೇಡ.) ಒಬ್ಬ ಹೇಳುತ್ತಾನೆ: ನೀನು 100 ಕೊಟ್ಟರೆ ನನ್ನ ಹಣ ನಿನ್ನ ಎರಡು ಪಟ್ಟು. ಇನ್ನೊಬ್ಬ: ನೀನು 10 ಕೊಡು ಸಾಕು, ನನ್ನದು ನಿನ್ನ ಆರು ಪಟ್ಟು. ಭಾಸ್ಕರಾಚಾರ್ಯರು ಮೊದಲನೆಯವನದು 2 ಎಕ್ಸ್ − 100, ಎರಡನೆಯವನದು ಎಕ್ಸ್ + 100 ಅಂತ ಹಿಡಿದರು. 100 ಕೈ ಬದಲಾದರೆ 2 ಎಕ್ಸ್ ಮತ್ತು ಎಕ್ಸ್, ಮೊದಲ ಷರತ್ತು ಅಲ್ಲೇ ತೀರಿತು. ಎರಡನೆಯದಕ್ಕೆ 6(2 ಎಕ್ಸ್ − 110) = ಎಕ್ಸ್ + 110. ಎಕ್ಸ್ 70, ಅಂದರೆ ಆ ಇಬ್ಬರ ಹತ್ತಿರ ಮೊದಲು ಇದ್ದದ್ದು 40 ಮತ್ತು 170. 100 ಕೊಟ್ಟರೆ 140 ಮತ್ತು 70, 10 ಕೊಟ್ಟರೆ 30 ಮತ್ತು 180. ಯಾವ ಕಡೆಯಿಂದ ಕೂಡಿದರೂ 210.